ಓಣಿಗೆ ಎರಡು ದಾರಿ

ಮಕ್ಕಳೇ, ನಿಮ್ಮ ಊರಿನ ಹಳೆಯ ಓಣಿಯನ್ನು ನೆನಪಿಸಿಕೊಳ್ಳಿರಿ. ಎರಡೂ ಕಡೆ ಕಲ್ಲಿನ ಮನೆಗಳು, ಮೇಲೆ ಮಣ್ಣಿನ ಮಾಳಿಗೆ. ನಡುವೆ ಒಂದು ಬಂಡಿ ಹಾಯುವಷ್ಟು ಮಾತ್ರ ದಾರಿ. ಬೇಸಿಗೆಯಲ್ಲಿ ಇಂಥ ಓಣಿ ತಂಪಾಗಿರುತ್ತದೆ. ಆದರೆ ಭೂಮಿ ನಡುಗಿದರೆ ಅಲ್ಲಿಂದ ಎತ್ತ ಓಡಬೇಕು?

ಗುಜರಾತ ರಾಜ್ಯದ ಭುಜ್ ಪಟ್ಟಣದಲ್ಲಿಯೂ ಇಂಥ ಓಣಿಗಳಿದ್ದವು. ಭುಜ್ ಹಿಂದೆ ಕಚ್ಛ ಸಂಸ್ಥಾನದ ರಾಜಧಾನಿ. ಸುತ್ತಲೂ ಕೋಟೆ, ಊರೊಳಗೆ ಬರಲು ಅಗಸಿಗಳು, ಒಳಗೆ ಅರಮನೆ ಮತ್ತು ಪೇಟೆ, ಪಕ್ಕದಲ್ಲಿ ಹಮೀರ್‌ಸರ್ ಕೆರೆ. ಓಣಿಗಳು ಸುತ್ತಿ ಬಳಸಿ ಹೋಗುತ್ತಿದ್ದವು. ಕೆಲವು ಓಣಿಗಳಿಗೆ ಮುಂದೆ ದಾರಿಯೇ ಇರಲಿಲ್ಲ.

2001ರ ಜನವರಿ 26, ಗಣರಾಜ್ಯೋತ್ಸವದ ದಿನ. ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಕಚ್ಛದ ನೆಲ ನಡುಗಿತು. ಭುಜ್‌ದ ಮನೆಗಳು ಕುಸಿದು ಓಣಿಗಳು ಕಲ್ಲುಮಣ್ಣಿನಿಂದ ತುಂಬಿಹೋದವು. ಒಳಗಿದ್ದವರು ಹೊರಗೆ ಬರಲಾಗಲಿಲ್ಲ. ಕಾಪಾಡಲು ಬಂದವರಿಗೆ ಒಳಗೆ ಹೋಗಲು ದಾರಿ ಸಿಗಲಿಲ್ಲ. ಹತ್ತಿರದ ಅಂಜಾರ್ ಪಟ್ಟಣದಲ್ಲಿ ಶಾಲೆಯ ಮಕ್ಕಳು ಪ್ರಭಾತಫೇರಿ ಹೊರಟಿದ್ದರು. ಇಕ್ಕಟ್ಟಾದ ಓಣಿಯಲ್ಲಿ ಎರಡೂ ಬದಿಯ ಮನೆಗಳು ಅವರ ಮೇಲೆ ಬಿದ್ದವು. 185 ಮಕ್ಕಳು, 20 ಶಿಕ್ಷಕರು ತೀರಿಕೊಂಡರು. ಅವರ ನೆನಪಿಗಾಗಿ ಅಲ್ಲಿ ಸ್ಮಾರಕವಿದೆ.

ಗೋಡೆಗಳು ಏಕೆ ಬೀಳುತ್ತವೆ? ನಮ್ಮ ಮಹಾರಾಷ್ಟ್ರದ ಕಿಲ್ಲಾರಿಯನ್ನು ನೋಡಿದರೆ ತಿಳಿಯುತ್ತದೆ. 1993ರ ಸೆಪ್ಟೆಂಬರ್ 30ರಂದು ನಸುಕಿನಲ್ಲಿ ಅಲ್ಲಿ ಭೂಕಂಪವಾಯಿತು. ಅಲ್ಲಿಯ ಗೋಡೆಗಳು ಬಹಳ ದಪ್ಪ. ದಪ್ಪ ಗೋಡೆ ಗಟ್ಟಿ ಎಂದು ನಾವು ತಿಳಿಯುತ್ತೇವೆ, ಅಲ್ಲವೆ? ಆದರೆ ಅದರ ಹೊರಮೈ ಬೇರೆ, ಒಳಮೈ ಬೇರೆ. ನಡುವೆ ಸಣ್ಣ ಕಲ್ಲು ಮತ್ತು ಮಣ್ಣು ತುಂಬಿರುತ್ತದೆ. ನೆಲ ಅಲುಗಿದಾಗ ಎರಡೂ ಮೈಗಳು ಬೇರೆಯಾದವು. ಮೇಲಿನ ಭಾರವಾದ ಮಾಳಿಗೆ ಮಲಗಿದ್ದವರ ಮೇಲೆ ಕುಸಿಯಿತು. ಎರಡೂ ಮೈಗಳನ್ನು ಹಿಡಿಯುವ ಉದ್ದನೆಯ ಕಲ್ಲುಗಳನ್ನು ಗೋಡೆಯ ಅಡ್ಡಲಾಗಿ ಕೂಡಿಸಬೇಕು. ಬಾಗಿಲು ಕಿಟಕಿಗಳ ಮೇಲೆ ನಾಲ್ಕೂ ಗೋಡೆ ಸುತ್ತಿ ಬರುವಂತೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕಟ್ಟಬೇಕು. ನಡುಪಟ್ಟಿಯಂತೆ ಅದು ಗೋಡೆಗಳನ್ನು ಒಟ್ಟಿಗೆ ಹಿಡಿಯುತ್ತದೆ.

ಮನೆ ಗಟ್ಟಿಯಾದರೂ ಓಣಿಯ ಕಷ್ಟ ತೀರಲಿಲ್ಲ. ಭುಜ್‌ದಲ್ಲಿ ವಾದ ನಡೆಯಿತು. ಹಳೆಯ ಊರನ್ನು ಬಿಟ್ಟುಬಿಡೋಣ ಎಂದರು ಕೆಲವರು. ಮುತ್ತಜ್ಜನ ಕಾಲದ ಜಾಗ, ಅಂಗಡಿ, ನೆರೆಹೊರೆ ಇವನ್ನು ಬಿಟ್ಟು ಎಲ್ಲಿಗೆ ಹೋಗುವುದು ಎಂದರು ಇನ್ನು ಕೆಲವರು. ಕೊನೆಗೆ ಕೆಲವು ಕುಟುಂಬಗಳು ಊರ ಹೊರಗಿನ ಹೊಸ ಬಡಾವಣೆಗಳಿಗೆ ಹೋದವು. ಉಳಿದವರಿಗಾಗಿ ಹಳೆಯ ಊರಿನ ಹೊಸ ನಕಾಶೆ ಸಿದ್ಧವಾಯಿತು.

ರಸ್ತೆ ಅಗಲವಾಗಬೇಕಾದರೆ ಜಾಗ ಬೇಕು. ಅದು ಎಲ್ಲಿಂದ ಬರಬೇಕು? ಜನರೇ ತಮ್ಮ ಜಾಗದಲ್ಲಿ ಒಂದು ಪಾಲು ಬಿಟ್ಟುಕೊಟ್ಟರು. ಹೆಚ್ಚು ಜಾಗವಿದ್ದವರಿಂದ ಹೆಚ್ಚು, ಕಡಿಮೆ ಇದ್ದವರಿಂದ ಕಡಿಮೆ ತೆಗೆದುಕೊಂಡರು. ತಮ್ಮ ಅಂಗಳ ಚಿಕ್ಕದಾದಾಗ ಯಾರಿಗಾದರೂ ಬೇಸರವಾಗುತ್ತದೆ. ಭುಜ್‌ದವರಿಗೂ ಆಯಿತು. ಕೆಲಸಕ್ಕೆ ವರ್ಷಗಳೇ ಹಿಡಿದವು. ಆದರೆ ದಾರಿಗಳು ಅಗಲವಾದವು. ಮುಚ್ಚಿದ್ದ ಓಣಿಗಳು ತೆರೆದವು. ಹಳೆಯ ಊರಿನಲ್ಲಿ ಮನೆಗಳು ಇಷ್ಟೇ ಎತ್ತರ ಇರಬೇಕೆಂಬ ನಿಯಮ ಬಂದಿತು. ಆಯ್ನಾ ಮಹಲ್, ಪ್ರಾಗ್ ಮಹಲ್ ಅರಮನೆಗಳು ಜಖಂಗೊಂಡಿದ್ದರೂ ಅವನ್ನು ಕೆಡವಲಿಲ್ಲ. ಹಮೀರ್‌ಸರ್ ಕೆರೆಯ ದಂಡೆಯಲ್ಲಿ ಸಂಜೆ ಜನ ಈಗಲೂ ಕೂಡುತ್ತಾರೆ.

ಅಭ್ಯಾಸ

ಶಬ್ದಗಳ ಅರ್ಥ: ಅಗಸಿ – ಊರಿನ ಹೆಬ್ಬಾಗಿಲು, ನಸುಕು – ಬೆಳಗಿನ ಜಾವ, ನಕಾಶೆ – ನಕ್ಷೆ.

1. ಕಾಪಾಡಲು ಬಂದವರಿಗೆ ಭುಜ್‌ದ ಓಣಿಗಳ ಒಳಗೆ ಹೋಗಲು ಏಕೆ ಆಗಲಿಲ್ಲ?
2. ಕಿಲ್ಲಾರಿಯ ದಪ್ಪ ಗೋಡೆಗಳು ಏಕೆ ಬಿದ್ದವು?
3. ನಿಮ್ಮ ಮನೆಯ ಅಂಗಳದಲ್ಲಿ ಒಂದು ಪಾಲು ರಸ್ತೆಗೆ ಕೇಳಿದರೆ ನೀವು ಏನು ಹೇಳುವಿರಿ? ಮನೆಯಲ್ಲಿ ಹಿರಿಯರನ್ನೂ ಕೇಳಿ ಬರೆಯಿರಿ.
4. ನಿಮ್ಮ ಓಣಿಯ ಚಿತ್ರ ಬಿಡಿಸಿರಿ. ಬಯಲಿಗೆ ಹೋಗುವ ಎರಡು ದಾರಿಗಳನ್ನು ಬಾಣ ಹಾಕಿ ತೋರಿಸಿರಿ. ಒಂದೇ ದಾರಿ ಇದ್ದರೆ ಅದನ್ನು ಗುರುಗಳಿಗೆ ತೋರಿಸಿರಿ.