ಇರುಳಿಗರ ದೊಡ್ಡಿಯಲ್ಲಿ ಅತಿಥಿ ವಾಸ: ಮೊದಲು ಗ್ರಾಮಸಭೆ, ಆಮೇಲೆ ಗೋಡೆ

ಶನಿವಾರ ಬಂತೆಂದರೆ ರಾಮನಗರ, ಮಾಗಡಿ, ಕನಕಪುರದ ಬೆಟ್ಟಗಳ ಬುಡದಲ್ಲಿ ಬೆಂಗಳೂರಿನ ಕಾರುಗಳ ಸಾಲು. ಆ ಹಣ ಬಹುಪಾಲು ರೆಸಾರ್ಟುಗಳ ಪಾಲು. ಈ ಕಾಡುಗಳ ಒಂದೊಂದು ಗಿಡ, ಜೇನುಬಂಡೆ, ಆನೆದಾರಿಯನ್ನು ಬಲ್ಲ ಇರುಳಿಗ ಬುಡಕಟ್ಟಿನವರಿಗೆ ಸಿಗುವುದು ಹೆಚ್ಚೆಂದರೆ ದಿನಗೂಲಿ. ಅತಿಥಿಯನ್ನು ಕರೆದು, ಉಣಿಸಿ, ಕಾಡು ತೋರಿಸುವ ಮನೆ ಇರುಳಿಗರದ್ದೇ ಆಗಿರಬೇಕು, ಲೆಕ್ಕದ ಪುಸ್ತಕವೂ ಅವರ ಕೈಯಲ್ಲೇ ಇರಬೇಕು. ಅದಕ್ಕೆ ಈಗ ಸರ್ಕಾರಿ ಹಣದ ದಾರಿಯೂ ಇದೆ. ದೊಡ್ಡಿಯ (ಅವರ ಪುಟ್ಟ ಊರಿನ) ಯುವಕ-ಯುವತಿಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಅವರ ಜೊತೆ ನಿಲ್ಲುವ ಶಿಕ್ಷಕರು ಹೇಗೆ ಶುರುಮಾಡಬಹುದು ಎಂಬುದು ಇಲ್ಲಿದೆ.

ಮೊದಲ ಕೆಲಸ: ಊರು ಕೂರಲಿ

ಕಟ್ಟಡದ ಮಾತು ಕೊನೆಗಿರಲಿ. ಮೊದಲು ದೊಡ್ಡಿಯವರೆಲ್ಲ ಕೂತು ಅತಿಥಿಗಳು ಬರುವುದು ಬೇಕೋ ಬೇಡವೋ ತೀರ್ಮಾನಿಸಲಿ. ಬೇಕೆಂದರೆ ಎಷ್ಟು ಮನೆ, ವಾರದಲ್ಲಿ ಎಷ್ಟು ದಿನ, ಯಾವ ಜಾಗಕ್ಕೆ ಹೊರಗಿನವರನ್ನು ಕರೆದೊಯ್ಯಬಾರದು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ದೇವರ ಬನ, ಸಮಾಧಿ, ಮದ್ದಿನ ಬೇರು ಕೀಳುವ ಜಾಗ ಇವನ್ನು ಅತಿಥಿಗೆ ತೋರಿಸಲೇಬೇಕೆಂದಿಲ್ಲ. ಅಡುಗೆ, ನೀರು, ಹಾಸಿಗೆಯ ದುಡಿಮೆಯೆಲ್ಲ ಹೆಂಗಸರ ತಲೆಗೆ ಬರುವ ಕಾರಣ ಅವರಿಲ್ಲದ ಸಭೆ ಸಭೆಯೇ ಅಲ್ಲ.

ಪಾಲಿನ ಮಾತನ್ನೂ ಅಲ್ಲೇ ಮುಗಿಸಿ. ಪೆರುವಿನ ಅಮೆಜಾನ್ ಮಳೆಕಾಡಿನಲ್ಲಿ ಇನ್‌ಫಿಯೆರ್ನೊ ಎಂಬ ಊರಿದೆ. ಅಲ್ಲಿನ ಎಸೆ ಎಹಾ ಮೂಲನಿವಾಸಿಗಳೂ ನೆರೆಹೊರೆಯವರೂ ಸೇರಿ 1996ರಲ್ಲಿ ಒಂದು ಪ್ರವಾಸಿ ಕಂಪನಿಯ ಜೊತೆ 20 ವರ್ಷದ ಒಪ್ಪಂದ ಮಾಡಿಕೊಂಡು ಪೊಸಾದಾ ಅಮೆಜೋನಾಸ್ ಎಂಬ ಕಾಡುಮನೆ ಕಟ್ಟಿದರು. ಲಾಭದಲ್ಲಿ ಶೇ 60 ಊರಿಗೆ, ಶೇ 40 ಕಂಪನಿಗೆ. ನಡೆಸುವ ತೀರ್ಮಾನಗಳಲ್ಲೂ ಊರಿನವರಿಗೆ ಪಾಲಿತ್ತು. ಹೊರಗಿನ ಪಾಲುದಾರರು ನಿಮ್ಮ ಬಳಿ ಬಂದರೆ ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಎರಡನೆಯದು: ಜಾಗದ ಕಾಗದ

ಮನೆ ಕಂದಾಯ ಭೂಮಿಯಲ್ಲಿದ್ದು ಖಾತೆ ನಿಮ್ಮ ಹೆಸರಲ್ಲಿದ್ದರೆ ದಾರಿ ಸುಲಭ. ಅರಣ್ಯಭೂಮಿಯಲ್ಲಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಬೇಕು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿದ್ದವರು ಅರ್ಜಿ ಹಾಕಬಹುದು. ಅರ್ಜಿ ಗ್ರಾಮಸಭೆಯಲ್ಲಿ ಶುರುವಾಗಿ ಉಪವಿಭಾಗ ಸಮಿತಿ ದಾಟಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ ಹೋಗುತ್ತದೆ. ಸಿಕ್ಕ ಹಕ್ಕು ಮಕ್ಕಳಿಗೆ ಬರುತ್ತದೆ, ಮಾರಲು ಅಥವಾ ಪರಭಾರೆ ಮಾಡಲು ಆಗದು. ಹಾಗಾಗಿ ‘ಭೋಗ್ಯಕ್ಕೆ ಕೊಡಿ, ನಾವೇ ನಡೆಸುತ್ತೇವೆ’ ಎಂದು ಬರುವವರ ಮುಂದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಹಕ್ಕುಪತ್ರದ ಜಾಗದಲ್ಲಿ ಅತಿಥಿ ಕೋಣೆಗೆ ಅವಕಾಶವಿದೆಯೇ ಎಂದು ಜಿಲ್ಲಾ ಸಮಿತಿಯನ್ನು ಬರಹದಲ್ಲೇ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ವೈಯಕ್ತಿಕ ಹಕ್ಕಿನ ಜೊತೆಗೇ ಸಮುದಾಯ ಹಕ್ಕಿಗೂ ಅರ್ಜಿ ಹಾಕಿ. ಜೇನು, ನೆಲ್ಲಿ, ಸೀಗೆ, ಹುಣಸೆ ಸಂಗ್ರಹಿಸಿ ಮಾರುವ ಬಲ ಬರುವುದು ಅದರಿಂದ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಅದನ್ನು ಗೆದ್ದಿದ್ದಾರೆ. ಅವರ ಪೋಡುಗಳಿಗೆ (ಹಾಡಿಗಳಿಗೆ) ಹೋಗಿ ಮಾತಾಡಿಸಿ ಬನ್ನಿ. ಯಾವ ತರಬೇತಿಗಿಂತಲೂ ಅದು ಹೆಚ್ಚು ಕಲಿಸುತ್ತದೆ.

ಮೂರನೆಯದು: ಹಣ ಮತ್ತು ನೋಂದಣಿ

ಇರುಳಿಗರು ಪರಿಶಿಷ್ಟ ಪಂಗಡದವರು. ಕೇಂದ್ರ ಸರ್ಕಾರ 2024ರ ಅಕ್ಟೋಬರ್ 2ರಂದು ಆರಂಭಿಸಿದ ‘ಧರ್ತಿ ಆಬಾ’ ಅಭಿಯಾನದಲ್ಲಿ ದೇಶದಾದ್ಯಂತ 1000 ಬುಡಕಟ್ಟು ಹೋಂಸ್ಟೇಗಳ ಗುರಿಯಿದೆ. ಒಂದು ಊರಿಗೆ 5ರಿಂದ 10 ಮನೆ. ಎರಡು ಹೊಸ ಕೋಣೆಗೆ 5 ಲಕ್ಷ ರೂಪಾಯಿವರೆಗೆ, ಇರುವ ಕೋಣೆಯ ದುರಸ್ತಿಗೆ 3 ಲಕ್ಷದವರೆಗೆ, ಊರಿನ ಸಾಮಾನ್ಯ ಅಗತ್ಯಕ್ಕೆ 5 ಲಕ್ಷ. ನಿಮ್ಮ ಊರು ಪಟ್ಟಿಯಲ್ಲಿದೆಯೇ ಎಂದು ಜಿಲ್ಲಾ ಪರಿಶಿಷ್ಟ ವರ್ಗಗಳ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ಗ್ರಾಮಸಭೆಯ ಠರಾವಿನ ಪ್ರತಿ ಜೊತೆಗಿರಲಿ. ನನ್ನ ಸಲಹೆ ಕೇಳಿದರೆ ದುರಸ್ತಿಯನ್ನೇ ಆರಿಸಿ: ಸುಣ್ಣ ಬಳಿದ ಗೋಡೆ, ಸೋರದ ಮಾಡು, ಶುಚಿಯಾದ ಶೌಚಾಲಯ, ಸೊಳ್ಳೆಪರದೆ ಸಾಕು.

ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿ, ಅಡುಗೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಸಲ್ಲಿಸಬೇಕು. ಕಾವೇರಿ ವನ್ಯಜೀವಿಧಾಮ ಅಥವಾ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅಂಚಿನ ದೊಡ್ಡಿಯಾದರೆ ಪರಿಸರ ಸೂಕ್ಷ್ಮ ವಲಯದ ನಿಯಮಗಳನ್ನು ವಲಯ ಅರಣ್ಯಾಧಿಕಾರಿಯಿಂದ ತಿಳಿದುಕೊಂಡೇ ಇಟ್ಟಿಗೆ ಇಳಿಸಿ.

ಅತಿಥಿಗೆ ಏನು ತೋರಿಸುವುದು?

ಇದು ಮಲೆನಾಡಿನ ಮಳೆಕಾಡಲ್ಲ. ಎಲೆ ಉದುರಿಸುವ ಒಣಕಾಡು, ಕುರುಚಲು, ಬಂಡೆ. ಆ ಸತ್ಯವನ್ನು ಮೊದಲೇ ಹೇಳಿಬಿಡಿ, ಏಕೆಂದರೆ ಇಲ್ಲಿರುವುದು ಬೇರೆಡೆ ಸುಲಭವಾಗಿ ಸಿಗದು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಅದರ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಮದ್ದು ಈ ಹಕ್ಕಿಗಳನ್ನು ದೇಶದಾದ್ಯಂತ ಮುಗಿಸುತ್ತ ಬಂತು, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದಕ್ಕೆ ನಿಷೇಧ ಬಿತ್ತು. ದೂರದಿಂದ ದುರ್ಬೀನಿನಲ್ಲಿ ತೋರಿಸುತ್ತ ಈ ಕಥೆ ಹೇಳಿ. ಚಳಿಗಾಲದ ಮರಿಮಾಡುವ ತಿಂಗಳುಗಳಲ್ಲಿ ಗೂಡಿನ ಹತ್ತಿರ ಯಾರನ್ನೂ ಬಿಡಬೇಡಿ. ಬಂಡೆಗುಡ್ಡಗಳ ಕುರುಚಲಲ್ಲಿ ಹಳದಿ ಕೊರಳಿನ ಪಿಕಳಾರವಿದೆ, ಅದೊಂದಕ್ಕಾಗಿ ದೂರದೂರುಗಳಿಂದ ಹಕ್ಕಿಪ್ರಿಯರು ಬರುತ್ತಾರೆ. ಕನಕಪುರದ ನದಿಸಂಗಮದ ಕಡೆ ಹೊಳೆಮತ್ತಿ ಮರಗಳಲ್ಲಿ ಬೂದು ಮಲೆ ಅಳಿಲು, ನೀರಲ್ಲಿ ನೀರುನಾಯಿ, ಮೊಸಳೆ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ನಿಮ್ಮ ಹಿರಿಯರ ತಿಳಿವಳಿಕೆ. ಹೆಜ್ಜೇನು, ತುಡುವೆ, ಕೋಲುಜೇನುಗಳನ್ನು ಹಾರಾಟದಿಂದಲೇ ಗುರುತಿಸುವುದು, ಬಳ್ಳಿ ನೋಡಿ ಕಾಡುಗೆಣಸಿನ ಆಳ ಹೇಳುವುದು, ಲದ್ದಿ ನೋಡಿ ಆನೆ ಯಾವಾಗ ಹೋಯಿತೆನ್ನುವುದು ಯಾವ ರೆಸಾರ್ಟಿನಲ್ಲೂ ಸಿಗದ ಪಾಠ. ಆ ನಡಿಗೆಗೆ ಊಟದ ದರದಲ್ಲಿ ಸೇರಿಸದೆ ಬೇರೆಯಾಗಿ ಹಣ ಪಡೆಯಿರಿ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನಡಿಗೆ ಬೇಡ. ಅತಿಥಿ ಎಷ್ಟೇ ಕೇಳಿದರೂ ಬೇಟೆಯ ಮಾಂಸದ ಮಾತೇ ಎತ್ತಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ಜೈಲಿಗೆ ಹೋಗುವವರು ನೀವೇ. ಊಟಕ್ಕೆ ಮುದ್ದೆ, ಉಪ್ಪೆಸರು, ಹುರುಳಿಸಾರು, ನಾಟಿಕೋಳಿ ಇರಲಿ.

ಆನೆಯ ವಿಷಯದಲ್ಲಿ ಸಡಿಲಿಕೆ ಬೇಡ

ಕನಕಪುರ, ಚನ್ನಪಟ್ಟಣದ ಅಂಚಿನೂರುಗಳಲ್ಲಿ ಆನೆ ಹೊಲಕ್ಕೆ ಬರುವುದು ಎಲ್ಲರಿಗೂ ಗೊತ್ತು. ಸೂರ್ಯ ಮುಳುಗಿದ ಮೇಲೆ ಬೆಳಗಾಗುವವರೆಗೆ ಅತಿಥಿ ಅಂಗಳ ದಾಟಬಾರದು. ಶೌಚಾಲಯ ಕೋಣೆಗೆ ಅಂಟಿಕೊಂಡೇ ಇರಲಿ. ಅತಿಥಿ ಕೋಣೆಯ ಪಕ್ಕ ರಾಗಿ ಮೂಟೆ, ಹಲಸು, ಬಾಳೆಗೊನೆ ಇಡಬೇಡಿ. ಹಾವು ಕಚ್ಚಿದರೆ ಕೂಡಲೇ 108ಕ್ಕೆ ಕರೆಮಾಡಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿ. ನಾಟಿ ಮದ್ದು ಬಲ್ಲವರಿದ್ದರೂ ಇದರಲ್ಲಿ ತಡ ಸಲ್ಲದು.

ಅತಿಥಿಯಾಗಿ ಹೋಗುವ ಓದುಗರಲ್ಲೂ ಒಂದು ಮನವಿ. ಮುಂಚೆಯೇ ತಿಳಿಸಿ ಹೋಗಿ, ಚೌಕಾಸಿ ಮಾಡಬೇಡಿ, ಮಕ್ಕಳ ಫೋಟೊ ಕೇಳಿ ತೆಗೆಯಿರಿ, ಪ್ಲಾಸ್ಟಿಕ್ ವಾಪಸ್ ತನ್ನಿ, ಮತ್ತು ಹಣವನ್ನು ಮಧ್ಯವರ್ತಿಗೆ ಕೊಡದೆ ಆ ಮನೆಯವರ ಕೈಗೇ ಕೊಡಿ.