ಗೋಲು ಕಾಯುವ ಮಕ್ಕಳಿಗೆ ಬಿಸಿಲಿನ ಎಚ್ಚರ

1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಹಾಕಿ ಫೈನಲ್‌ನಲ್ಲಿ ಕರ್ನಾಟಕದ ಆಶಿಶ್ ಬಲ್ಲಾಳ್ ಟೈಬ್ರೇಕರ್ ಹೊಡೆತಗಳನ್ನು ತಡೆದದ್ದರಿಂದ ಭಾರತಕ್ಕೆ ಚಿನ್ನ ದೊರೆಯಿತು. ನಿಮ್ಮ ಮಗನಿಗೋ ಮಗಳಿಗೋ ಗೋಲು ಕಾಯುವ ಆಸೆಯಿದ್ದರೆ ಪ್ರೋತ್ಸಾಹಿಸಿ. ಜೊತೆಗೆ ಒಂದು ಎಚ್ಚರವಿರಲಿ.

ಸುಮಾರು 160 ಗ್ರಾಂ ತೂಕದ ಗಟ್ಟಿ ಚೆಂಡಿನ ಪೆಟ್ಟಿನಿಂದ ಕಾಪಾಡುವ ಹೆಲ್ಮೆಟ್, ಎದೆಕವಚ, ಪ್ಯಾಡ್‌ಗಳೇ ಬೆವರು ಆರಗೊಡದೆ ಮೈಯ ಶಾಖವನ್ನು ಏರಿಸುತ್ತವೆ. ಮಸರಕಲ್, ದೇವದುರ್ಗದ ಕಡೆಯ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಅಭ್ಯಾಸ ಮುಗಿಯಲಿ. ಬಿಡುವಿನಲ್ಲಿ ಹೆಲ್ಮೆಟ್ ತೆಗೆಸಿ, ನೀರು, ಉಪ್ಪು ಹಾಕಿದ ಮಜ್ಜಿಗೆ ಕೊಡಿ.

ತಲೆಸುತ್ತು, ವಾಕರಿಕೆ ಕಂಡರೆ ಆಟ ನಿಲ್ಲಿಸಿ, ಕವಚ ಕಳಚಿ, ನೆರಳಿನಲ್ಲಿ ಮಲಗಿಸಿ. ಮಾತು ತಡವರಿಸಿದರೆ ಅಥವಾ ಎಚ್ಚರ ತಪ್ಪಿದರೆ ಬಾಯಿಗೆ ನೀರು ಹಾಕಬೇಡಿ. ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಾ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.