ಮರುಭೂಮಿಯ ನಗರಿಗೆ ಪ್ರಯಾಣ: ದುಬೈಗೆ ಹೊರಡುವವರು ಅರಿಯಬೇಕಾದುದು

ದೇಶಾಟನವು ಬುದ್ಧಿಯನ್ನು ಹರಿತಗೊಳಿಸುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅವರ ಕಾಲದ ದೇಶಾಟನಕ್ಕೆ ಬುತ್ತಿಯ ಗಂಟೊಂದು, ದೃಢವಾದ ಕಾಲುಗಳೆರಡು ಇದ್ದರೆ ಸಾಕಾಗಿತ್ತು. ಈಗ ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಗಳಿಂದಲೂ ಮಕ್ಕಳು ಕೊಲ್ಲಿಯ ನಾಡುಗಳಿಗೆ ಉದ್ಯೋಗಾರ್ಥವಾಗಿ ತೆರಳಿದ್ದಾರೆ. ಅವರನ್ನು ಕಂಡುಬರಲು ವಯಸ್ಸಾದ ತಂದೆತಾಯಿಗಳು ದುಬೈ ನಗರಕ್ಕೆ ಹೊರಡುತ್ತಾರೆ. ಹೊರಡುವವರು ಕೇಳುವುದೆಲ್ಲ ಅಲ್ಲಿ ಏನೇನು ನೋಡಬೇಕೆಂಬುದನ್ನು. ಆದರೆ ಈ ಪ್ರಯಾಣದ ಕ್ಷೇಮ ನಿರ್ಧಾರವಾಗುವುದು ವಿಮಾನವೇರಿದ ಮೇಲಲ್ಲ. ಅದಕ್ಕೆ ಬಹಳ ಮೊದಲೇ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮತ್ತು ಅಡುಗೆಮನೆಯ ಡಬ್ಬಿಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಓದುವ ಈ ಸಂಚಿಕೆಯಲ್ಲಿ ಆ ವಿಷಯವನ್ನು ಕೊಂಚ ವಿಸ್ತರಿಸುವುದು ಅನುಚಿತವಾಗದು.

ಮೊದಲು ನಾಡಿನ ಪರಿಚಯ. ದುಬೈ ಪ್ರತ್ಯೇಕ ರಾಷ್ಟ್ರವಲ್ಲ. 1971ರ ಡಿಸೆಂಬರ್ 2ರಂದು ಆರು ಸಂಸ್ಥಾನಗಳು ಒಂದುಗೂಡಿ, ಮರುವರ್ಷ ರಾಸ್ ಅಲ್ ಖೈಮಾ ಏಳನೆಯದಾಗಿ ಸೇರಿ ಆದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅದೂ ಒಂದು. ಆ ಕರಾವಳಿಗೂ ನಮಗೂ ಹಳೆಯ ಕೊಳುಕೊಡೆಯುಂಟು. 1966ರವರೆಗೆ ಅಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿಯೇ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿಯ ನಾಡುಗಳಿಗೆಂದೇ ಬೇರೆ ನೋಟುಗಳನ್ನು ಹೊರಡಿಸಿತು. ಈಗಿನ ನಾಣ್ಯ ದಿರ್ಹಮ್. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದು. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬರುವುದನ್ನು ಕಂಡು ಬೆಳೆದವರಿಗೆ ಆ ನಗರದ ನೀರಿನ ಸಂಗತಿಯೇ ಮೊದಲ ಬೆರಗು: ನದಿಯಿಲ್ಲ, ಕೆರೆಯಿಲ್ಲ, ಕಡಲಿನ ನೀರಿನಿಂದ ಉಪ್ಪನ್ನು ಯಂತ್ರಗಳ ಮೂಲಕ ಬೇರ್ಪಡಿಸಿ ಲಕ್ಷಾಂತರ ಜನರಿಗೆ ಕುಡಿಯಲು ಒದಗಿಸುತ್ತಾರೆ.

ಇನ್ನು ಕಾಗದಪತ್ರಗಳ ವಿಚಾರ. ಪಾಸ್‌ಪೋರ್ಟು ಅಲ್ಲಿಗೆ ತಲುಪುವ ದಿನದಿಂದ ಕನಿಷ್ಠ ಆರು ತಿಂಗಳು ಜೀವಂತವಾಗಿರಬೇಕೆಂಬುದನ್ನು ಬಹುಮಂದಿ ಬಲ್ಲರು. ತೊಡಕು ಇರುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಹೆಸರಿಗೆ ಎರಡು ಮನೆಗಳು: ಇಟ್ಟ ಹೆಸರಿಗೊಂದು, ಕುಲನಾಮಕ್ಕೊಂದು. ನಮ್ಮ ಸೀಮೆಯಲ್ಲಿ ಕುಲನಾಮ ಬರೆಯುವ ರೂಢಿ ವಿರಳ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಬಳಿಕ ತನ್ನ ಹೆಸರು. ಹೆಣ್ಣುಮಕ್ಕಳದ್ದಾದರೆ ಅದೂ ಇಲ್ಲದೆ 'ಗೌರಮ್ಮ' ಎಂದಷ್ಟೇ ಬರೆದು ಮುಗಿಸಿದ ದಾಖಲೆಗಳು ಎಷ್ಟೋ. 2022ರ ನವೆಂಬರಿನಲ್ಲಿ ಆ ದೇಶದವರು, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರುಳ್ಳವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ವಿಧಿಸಿದರು. ಕೆಲವೇ ದಿನಗಳಲ್ಲಿ, ಇನ್ನೊಂದು ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪಬಹುದೆಂದು ಸಡಿಲಿಸಿದರು. ಸಡಿಲಿಕೆಯನ್ನು ನಂಬಿ ಹೊರಡುವುದಕ್ಕಿಂತ, ಪಾಸ್‌ಪೋರ್ಟು ಮಾಡಿಸುವಾಗಲೇ ಮೊದಲಕ್ಷರಗಳನ್ನು ಬಿಡಿಸಿ ಬರೆಸಿ ಎರಡೂ ಮನೆಗಳನ್ನು ತುಂಬುವುದು ಲೇಸು.

ಅಕ್ಷರದ ಮಾತು ಬಂದುದರಿಂದ ಒಂದು ವ್ಯಾಕರಣದ ಸಂಗತಿ. 'ಸಿದ್ಧಲಿಂಗಯ್ಯ' ಎಂಬಲ್ಲಿನ ಮಹಾಪ್ರಾಣವನ್ನು ರೋಮನ್ ಲಿಪಿಯಲ್ಲಿ ಅಂಕಪಟ್ಟಿಯಲ್ಲಿ ತೋರಿಸಿ, ಆಧಾರ್ ಚೀಟಿಯಲ್ಲಿ ಬಿಟ್ಟುಬಿಟ್ಟರೆ, ನಮಗೆ ಅದು ಉಚ್ಚಾರಣೆಯ ಆಲಸ್ಯ. ಅಧಿಕಾರಿಗೆ ಅವರಿಬ್ಬರು ಬೇರೆ ಬೇರೆ ಮನುಷ್ಯರು. ಮಗುವನ್ನು ಶಾಲೆಗೆ ಸೇರಿಸುವ ದಿನ ಗುಮಾಸ್ತರು ಬರೆದುಕೊಳ್ಳುವ ಆ ಒಂದು ಸಾಲು ಇಪ್ಪತ್ತು ವರ್ಷಗಳ ತರುವಾಯ ಸಮುದ್ರದಾಚೆಯ ದ್ವಾರವನ್ನು ತೆರೆಯುವುದೂ ಉಂಟು, ಮುಚ್ಚುವುದೂ ಉಂಟು. ಅಧ್ಯಾಪಕ ಮಿತ್ರರು ಇದನ್ನು ಗಮನಕ್ಕೆ ತಂದುಕೊಳ್ಳಬೇಕೆಂದು ಬಿನ್ನಹ.

ಅಂಕಪಟ್ಟಿಗೆ ಇನ್ನೊಂದು ಮಹತ್ವವೂ ಇದೆ. 1983ರ ವಲಸೆ ಕಾಯಿದೆಯ ಪ್ರಕಾರ, ಹತ್ತನೆಯ ತರಗತಿ ತೇರ್ಗಡೆಯಾಗದವರು ಸಂಯುಕ್ತ ಅರಬ್ ಸಂಸ್ಥಾನವೇ ಮೊದಲಾದ ಕೆಲವು ದೇಶಗಳಿಗೆ ಉದ್ಯೋಗಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ತೇರ್ಗಡೆಯಾದವರಿಗೆ ಈ ಕಟ್ಟು ಇಲ್ಲ. ನೋಡಿಬರಲು ಹೋಗುವವರಿಗಂತೂ, ಹಿಂದಿರುಗುವ ಟಿಕೆಟ್ಟಿದ್ದರೆ, 2007ರಿಂದ ಈ ಅನುಮತಿ ಬೇಕಾಗಿಲ್ಲ. ಮೋಸಗಾರರಾದ ದಲ್ಲಾಳಿಗಳು ನುಸುಳುವುದು ಈ ಸಂದಿಯಲ್ಲಿಯೇ: ಬಡ ಹುಡುಗನನ್ನು ಪ್ರವಾಸಿ ವೀಸಾದ ಮೇಲೆ ಕರೆದೊಯ್ದು, ಅಲ್ಲಿ ಕೆಲಸಕ್ಕೆ ಹಚ್ಚುವುದು. ಪ್ರವಾಸಿ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ ಏರುತ್ತ ಹೋಗುತ್ತದೆ. ಸಂಬಳ ಸಿಗದಿದ್ದರೆ ದೂರು ಹೇಳಲು ಕರಾರುಪತ್ರವೂ ಇರುವುದಿಲ್ಲ. ಉದ್ಯೋಗ ಕೊಡಿಸುವ ಏಜೆಂಟರು ನಮ್ಮ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಂದಾಯಿತರಾಗಿರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ತೆರಿಗೆಯನ್ನು ಬಿಟ್ಟು 30,000 ರೂಪಾಯಿಗಳ ಮಿತಿಯುಂಟು. ಜಮೀನು ಒತ್ತೆಯಿಟ್ಟು ಲಕ್ಷಗಟ್ಟಲೆ ಎಣಿಸಿಕೊಡುವ ಮುನ್ನ ಆ ಪಟ್ಟಿಯನ್ನೊಮ್ಮೆ ನೋಡಿ. ನಮ್ಮ ಶಾಲೆಯ ಕಪಾಟಿನಲ್ಲಿ ಒಡೆಯರು ಬಂದು ಕೊಂಡೊಯ್ಯದ ಅಂಕಪಟ್ಟಿಗಳು ಇಂದಿಗೂ ಧೂಳು ತಿನ್ನುತ್ತಿವೆ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳು ತಮ್ಮದನ್ನು ಪಡೆದುಕೊಂಡಿರುವರೇ ಎಂದು ನೆನಪು ಮಾಡಿಕೊಳ್ಳಲಿ.

ಈಗ ಅಡುಗೆಮನೆಗೆ ಬರೋಣ. ಮಗಳ ಬಾಣಂತನಕ್ಕೋ ಮೊಮ್ಮಗನ ನಾಮಕರಣಕ್ಕೋ ಹೊರಟ ತಾಯಿ ಬರಿಗೈಯಲ್ಲಿ ಹೋಗಳು. ಸಾರಿನ ಪುಡಿ, ಹಪ್ಪಳ, ಮಂಡ್ಯದ ಬೆಲ್ಲ, ಮದ್ದೂರುವಡೆ ಇವೆಲ್ಲ ಕಟ್ಟಿಕೊಂಡರೆ ಆತಂಕವಿಲ್ಲ. ಆದರೆ ಪಾಯಸಕ್ಕೆಂದು ಒಂದು ಹಿಡಿ ಗಸಗಸೆಯನ್ನು ಗಂಟಿಗೆ ಸೇರಿಸಿದಳೆಂದರೆ, ಆಕೆ ತಿಳಿಯದೆಯೇ ಮಾದಕ ವಸ್ತುವಿನ ಆಪಾದನೆಗೆ ಗುರಿಯಾಗಬಹುದು. ಗಸಗಸೆಯ ಗಿಡವೇ ಅಫೀಮಿನ ಗಿಡ. ಬೀಜದಲ್ಲಿ ಅಮಲಿಲ್ಲವೆಂಬ ನಮ್ಮ ವಾದ ಅಲ್ಲಿ ನಿಲ್ಲದು. ಅಲ್ಲಿಯ ಕಾನೂನು ಬೀಜವನ್ನೂ ನಿಷೇಧಿಸಿದೆ. ಮಸಾಲೆಯ ಪುಡಿಗಳಲ್ಲಿಯೂ ಅದು ಬೆರೆತಿರುವುದುಂಟಾದ್ದರಿಂದ ಕೇಳಿ ನೋಡಿಯೇ ಕಟ್ಟಬೇಕು. ಹಾಗೆಯೇ ತಾಂಬೂಲ. ನಮ್ಮಲ್ಲಿ ಎಲೆ ಅಡಕೆ ಮಂಗಳದ್ರವ್ಯ. ದುಬೈಯ ಸುಂಕದವರ ನಿಷಿದ್ಧ ಪಟ್ಟಿಯಲ್ಲಿ ವೀಳ್ಯದೆಲೆ ಸೇರಿದೆ. ಊಟವಾದ ಮೇಲೆ ಎಲೆ ಹಾಕದೆ ಇರಲಾರದ ಅಜ್ಜಂದಿರು ಹೊರಡುವ ತಿಂಗಳ ಮೊದಲೇ ಅಭ್ಯಾಸ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು. ಒಣ ಕೊಬ್ಬರಿಯದು ಬೇರೆಯೇ ಕಾರಣ: ಅದರ ಎಣ್ಣೆಯ ದೆಸೆಯಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನಯಾನದ ನಿಯಮಗಳು ಅದನ್ನು ಅಪಾಯಕಾರಿ ಸರಕಿನಲ್ಲಿ ಸೇರಿಸಿವೆ. ನಮ್ಮ ನಿಲ್ದಾಣದಲ್ಲಿಯೇ ಅದನ್ನು ತೆಗೆದಿಡಿಸುವರು.

ಔಷಧಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಕ್ಕರೆ ರೋಗಕ್ಕೂ ರಕ್ತದೊತ್ತಡಕ್ಕೂ ವೈದ್ಯರು ಕೊಟ್ಟ ಸಾಮಾನ್ಯ ಗುಳಿಗೆಗಳನ್ನು ಚೀಟಿಯೊಡನೆ, ಮೂಲ ಹೊದಿಕೆಯಲ್ಲಿಯೇ, ಕೈಚೀಲದಲ್ಲಿ ಒಯ್ಯಬೇಕು. ಆದರೆ ಕೊಡೀನ್ ಬೆರೆತ ಕೆಮ್ಮಿನ ಔಷಧ, ಟ್ರಾಮಡಾಲ್ ಎಂಬ ನೋವಿನ ಗುಳಿಗೆ, ಕೆಲವು ನಿದ್ರೆಯ ಗುಳಿಗೆಗಳು ಅಲ್ಲಿ ನಿಯಂತ್ರಿತ ದ್ರವ್ಯಗಳು. ಅವು ಬೇಕೇ ಬೇಕಾದವರು ಅಲ್ಲಿಯ ಆರೋಗ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು. ನೆರೆಮನೆಯವರು 'ನಮ್ಮ ಹುಡುಗನಿಗೆ ಕೊಟ್ಟುಬಿಡಿ' ಎಂದು ಒಪ್ಪಿಸುವ ಹೊಲಿದ ಗಂಟನ್ನು, ಎಷ್ಟೇ ದಾಕ್ಷಿಣ್ಯವಿರಲಿ, ಬಿಚ್ಚಿ ನೋಡದೆ ಒಯ್ಯಕೂಡದು. ಸಿಕ್ಕಿಬಿದ್ದಾಗ ಗಂಟು ಯಾರ ಕೈಯಲ್ಲಿತ್ತೋ ಅವರದೇ.

ಇಷ್ಟಲಿಂಗಧಾರಿಗಳಿಗೆ ಒಂದು ಮಾತು. ಬೆಳ್ಳಿಯ ಕರಡಿಗೆ ಲೋಹಶೋಧಕ ಯಂತ್ರವನ್ನು ಸದ್ದು ಮಾಡಿಸುವುದು ಸಹಜ. ತಪಾಸಣೆಯವರು ಕೇಳಿದಾಗ ಗಾಬರಿಗೊಳ್ಳದೆ, ಇದು ಪೂಜೆಯ ವಸ್ತುವೆಂದು ಶಾಂತವಾಗಿ ತಿಳಿಸಬೇಕು. ಯಾತ್ರೆಯ ಮಟ್ಟಿಗೆ ವಸ್ತ್ರದ ಚೌಕದಲ್ಲಿ ಧರಿಸಿದರೆ ಸದ್ದೇ ಇಲ್ಲ. ವಿಭೂತಿಯನ್ನು ಪುಡಿಯಾಗಿ ಒಯ್ಯುವ ಬದಲು ಗಟ್ಟಿಯಾಗಿ, ದೊಡ್ಡ ಪೆಟ್ಟಿಗೆಯಲ್ಲಿಡುವುದು ಮೇಲು. ಸಸ್ಯಾಹಾರಕ್ಕೆ ಬರ್ ದುಬೈ, ಕರಾಮಾ ಬಡಾವಣೆಗಳಲ್ಲಿ ಕೊರತೆಯಿಲ್ಲ. ಜೆಬೆಲ್ ಅಲಿಯಲ್ಲಿ 2022ರ ಅಕ್ಟೋಬರಿನಲ್ಲಿ ತೆರೆದ ದೇವಾಲಯವೂ ಇದೆ.

ಹೋಗಲು ಯೋಗ್ಯವಾದ ಕಾಲ ನವೆಂಬರಿನಿಂದ ಮಾರ್ಚಿಯವರೆಗೆ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟಿ ಏರುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಕೂಲಿಕಾರರಿಂದ ಕೆಲಸ ಮಾಡಿಸಕೂಡದೆಂದು ಅಲ್ಲಿ ಕಾನೂನೇ ಇರುವಾಗ, ಶಾಲೆಯ ರಜೆಯೆಂದು ಆ ದಿನಗಳಲ್ಲಿ ಹಿರಿಯರನ್ನು ತಿರುಗಾಡಿಸುವುದು ಸರಿಯಲ್ಲ. ಮಳೆ ವರ್ಷಕ್ಕೆ ನೂರು ಮಿಲಿಮೀಟರಿನಷ್ಟೂ ಆಗದ ಊರಾದರೂ, 2024ರ ಏಪ್ರಿಲ್ 16ರಂದು ವರ್ಷದ ಮಳೆಯನ್ನು ಮೀರಿ ಸುರಿದು ವಿಮಾನನಿಲ್ದಾಣವೇ ನೀರಿನಲ್ಲಿ ನಿಂತಿತು. ಹಿಂದಿರುಗಿದ ಮರುದಿನವೇ ಊರಿನಲ್ಲಿ ಮದುವೆಯಿಟ್ಟುಕೊಳ್ಳದಿರುವುದು ವಿವೇಕ.

828 ಮೀಟರ್ ಎತ್ತರದ ಬುರ್ಜ್ ಖಲೀಫಾವನ್ನು ಎಲ್ಲರೂ ನೋಡುವರು. ನನಗೆ ಕೇಳಿದರೆ, ಕಡಲ ತೋಡನ್ನು ಆಬ್ರಾ ಎಂಬ ಪುಟ್ಟ ದೋಣಿಯಲ್ಲಿ ದಾಟಿ, 1787ರಲ್ಲಿ ಕಟ್ಟಿದ ಅಲ್ ಫಹೀದಿ ಕೋಟೆಯ ಸುತ್ತಿನ ಹಳೆಯ ಬೀದಿಗಳಲ್ಲಿ ನಡೆದಾಡುವುದೇ ಹೆಚ್ಚು ಹಿತ. ಮರಳುದಿಬ್ಬಗಳ ಮೇಲೆ ಮೋಟಾರಿನಲ್ಲಿ ಏರಿಳಿಸುವ ವಿಹಾರವಿದೆ. ಗರ್ಭಿಣಿಯರೂ ಬೆನ್ನುನೋವಿನವರೂ ಹೃದ್ರೋಗಿಗಳೂ ಅದನ್ನು ಬಿಟ್ಟು ಶಿಬಿರಕ್ಕೆ ನೇರವಾಗಿ ಹೋಗಲಿ. ಉಳಿದವರು ಊಟಕ್ಕೆ ಮೊದಲೇ ಮುಗಿಸಲಿ. ಸ್ವಂತ ಕಾರಿನಲ್ಲಿ ಒಂಟಿಯಾಗಿ ಮರಳಿಗಿಳಿಯುವುದು ಯಾರಿಗೂ ಸಲ್ಲದು.

ನಡತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಪರಿಚಿತರ, ಅದರಲ್ಲೂ ಸ್ತ್ರೀಯರ, ಚಿತ್ರವನ್ನು ಕೇಳದೆ ತೆಗೆಯಬಾರದು. ಮೆಟ್ರೋ ರೈಲಿನಲ್ಲಿ ತಿನ್ನಬಾರದು. ರಂಜಾನ್ ಮಾಸದಲ್ಲಿ ಉಪವಾಸದವರ ಎದುರಿನಲ್ಲಿ ಸಂಯಮ ಇರಬೇಕು. ವಾಟ್ಸ್‌ಆ್ಯಪಿನ ಸಂದೇಶ ಸಾಗಿದರೂ ಅದರ ಮೂಲಕ ಕರೆ ಸಾಮಾನ್ಯವಾಗಿ ಕೂಡುವುದಿಲ್ಲ. ಊರಿನವರಿಗೆ ಇದನ್ನು ಮೊದಲೇ ತಿಳಿಸಿಟ್ಟರೆ ಅವರು ಕಂಗಾಲಾಗರು. ಪೊಲೀಸರಿಗೆ 999, ಆಂಬುಲೆನ್ಸಿಗೆ 998. ಭಾಷೆಯ ಭಯವೂ ಬೇಡ. ತಾಲ್ಲೂಕು, ಜಿಲ್ಲೆ, ತಾರೀಖು, ಬಾಕಿ, ಹಾಜರು, ವಕೀಲ ಇವೆಲ್ಲ ಅರಬ್ಬೀ ಮೂಲದಿಂದ ಬಂದು ನಮ್ಮ ಕಚೇರಿಗಳಲ್ಲಿ ಮನೆಮಾಡಿಕೊಂಡ ಮಾತುಗಳೇ.

ಕಡೆಯದಾಗಿ ಚಿನ್ನ. ದುಬೈಯ ಚಿನ್ನದ ಪೇಟೆಯನ್ನು ಕಂಡು ಮನಸ್ಸು ಚಂಚಲವಾಗುವುದು ಸಹಜ. ಒಡವೆಗೆ ನಮ್ಮ ಸರ್ಕಾರ ಕೊಡುವ ಸುಂಕದ ವಿನಾಯಿತಿ ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿ ವಾಸವಾಗಿದ್ದು ಬರುವವರಿಗಲ್ಲದೆ, ಹದಿನೈದು ದಿನದ ಅತಿಥಿಗಳಿಗಲ್ಲ. ಇಲ್ಲಿಂದಲೇ ಹೆಚ್ಚಿನ ಒಡವೆ ತೊಟ್ಟು ಹೊರಡುವ ಹೆಂಗಸರು, ಬೆಂಗಳೂರಿನ ನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳಿಗೆ ಅವನ್ನು ತೋರಿಸಿ ಪ್ರಮಾಣಪತ್ರ ಪಡೆದುಕೊಳ್ಳಲಿ. ಅದಕ್ಕಾಗಿ ಮನೆಯಿಂದ ಒಂದು ಗಂಟೆ ಮುಂಚಿತವಾಗಿಯೇ ಹೊರಡಲಿ.